ಕೂಸಿನ ಮೇಲೂಟ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜೋಳ, ತೊಗರಿಗಳು ಕೂಸಿಗೆ ಸತ್ತ್ವಯುತವಾದ ಆಹಾರವಾಗಬಲ್ಲವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಸಬಯಸುತ್ತೇವೆ.

ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಜೇನಂತೂ 1 ವರುಷದವರೆಗೆ ಕೂಡದು. 6 ತಿಂಗಳಾದ ಮೇಲೆ ಹಾಲೊಂದರಿಂದಲೇ ಕಬ್ಬಿಣದ ಅಂಶವೂ ಬಲವೂ ಸಾಲವು. ಆದುದರಿಂದ 2 ವರುಷದವರೆಗಾದರೂ ಹಾಲೂಡಿಸುತ್ತಲೇ ಮೇಲೂಟವನ್ನು ಆರಂಭಿಸತಕ್ಕದ್ದು.

ಕೂಸಿನ ಹೊಟ್ಟೆಯು ಚಿಕ್ಕದು. ತೆಳ್ಳಗಿನ ಅಂಬಲಿಯು ಅದನ್ನು ತುಂಬುವದೇ ಹೊರತು ಮೈಯನ್ನು ಬೆಳೆಸಲಾರದು. ಜೋಳದ ನುಚ್ಚನ್ನೂ ತೊಗರಿಬೇಳೆಯನ್ನೂ ಮೆತ್ತಗೆ ಬೇಯಿಸಿ, ನುಣ್ಣಗೆ ಕಿವುಚಿ, ತುಸು ತುಪ್ಪ ಬೆರಸಿ, ಚಮಚದಿಂದ ಹರಿದುಹೋಗದಷ್ಟು ಗಟ್ಟಿಯಾಗಿ ಉಣಿಸಬೇಕು.

ರಾಜಗಿರಿ, ಮೆಂತ್ಯೆಯ ತಪ್ಪಲನ್ನು ಔಷಧ ಹೊಡೆದ ಹತ್ತಿಯ ಹೊಲದಿಂದ ತಾರದೆ, ಹಿತ್ತಲಲ್ಲಿ ತಿಪ್ಪೆಗೊಬ್ಬರದಿಂದ ಬೆಳೆದು, ಚೆನ್ನಾಗಿ ತೊಳೆದು ಬೇಯಿಸಿರಿ. ಇದಕ್ಕೆ ಪೇಟೆಯ ಡಬ್ಬಿಗಳು ಬೇಕಾಗಿಲ್ಲ. ತೊಳೆದ ಕೈಯೂ ತಾಯಿಯ ಎಚ್ಚರವೂ ಬೇಕು.