ಸರ್ವರ್ ಗಣಕಕ್ಕೆ ಡ್ರೈವ್ ಅಳವಡಿಕೆ: ಯಾವುದಕ್ಕೆ ಹೆದರಬೇಕು?

ಶಾಲೆಯ ಗಣಕ ಪ್ರಯೋಗಾಲಯದಲ್ಲಿ ಒಂದು ಗಣಕ ಕೆಟ್ಟರೆ ಇಬ್ಬರು ಮಕ್ಕಳು ಪಕ್ಕದ ಗಣಕ ಹಂಚಿಕೊಂಡು ಕೂರುತ್ತಾರೆ, ಪಾಠ ನಡೆಯುತ್ತದೆ. ಸರ್ವರ್‌ನ ಡ್ರೈವ್ ಕೆಟ್ಟರೆ ಮಾತ್ರ ಎಲ್ಲರ ಪ್ರಾಜೆಕ್ಟ್‌ಗಳು, ಘಟಕ ಪರೀಕ್ಷೆಯ ಅಂಕಪಟ್ಟಿಗಳು, ಶಿಕ್ಷಕರು ಕೂಡಿಟ್ಟ ವಿಡಿಯೊ ಪಾಠಗಳು ಒಟ್ಟಿಗೇ ಹೋಗುತ್ತವೆ. ಜಾಗ ಸಾಲದೆ ಹೊಸ ಡ್ರೈವ್ ತರಿಸಿದ ದಿನ "ನೀವು ಬಿ.ಎಸ್ಸಿ. ಅಲ್ಲವೇ, ಇದೊಂದು ಹಾಕಿಕೊಡಿ" ಎಂಬ ಮಾತು ಬೋಧನಾಭ್ಯಾಸಕ್ಕೆ ಹೋದವರ ಕಿವಿಗೆ ಬೀಳುವುದುಂಟು. ಹಾಕಿಕೊಡಬಹುದು, ಕೆಲಸ ಕಷ್ಟದ್ದಲ್ಲ. ಆದರೆ ಹೊಸಬರು ಹೆದರುವುದು ಶಾಕ್‌ಗೆ. ನನ್ನ ಪ್ರಕಾರ ಈ ಕೆಲಸದಲ್ಲಿ ಶಾಕ್‌ಗಿಂತ ಹೆಚ್ಚು ಹೆದರಬೇಕಾದದ್ದು ನಮ್ಮದೇ ಬೆರಳಿಗೆ, ಅದಕ್ಕಿಂತಲೂ ಹೆಚ್ಚಾಗಿ ತಪ್ಪು ಡ್ರೈವನ್ನು ಗುರುತಿಸುವುದಕ್ಕೆ.

ವಿವರಣೆಗೆ ಒಂದು ನಿಜವಾದ ಯಂತ್ರ ಇಟ್ಟುಕೊಳ್ಳೋಣ. ಎಚ್‌ಪಿ ಪ್ರೊಲಯಂಟ್ ಮೈಕ್ರೋಸರ್ವರ್ ಜೆನ್8 ಸಣ್ಣ ಕಚೇರಿಗಳಿಗಾಗಿ 2013ರಲ್ಲಿ ಬಂದ ಪುಟ್ಟ ಪೆಟ್ಟಿಗೆ. ಮುಂಬಾಗಿಲು ತೆರೆದರೆ 3.5 ಅಂಗುಲದ ಸಾಟಾ ಡ್ರೈವ್‌ಗಳಿಗೆ ನಾಲ್ಕು ಗೂಡುಗಳು ಸಾಲಾಗಿ ಕಾಣುತ್ತವೆ. ಡ್ರೈವ್ ಕೂರುವ ಚೌಕಟ್ಟು ಮೇಜಿನ ಖಾನೆಯಂತೆ ಸರಾಗವಾಗಿ ಹೊರಬರುತ್ತದೆ. ಅದನ್ನು ನೋಡಿದವರಿಗೆ ಯಂತ್ರ ನಡೆಯುತ್ತಿರುವಾಗಲೇ ಡ್ರೈವ್ ಎಳೆದು ಹಾಕಬಹುದು ಅನ್ನಿಸುವುದು ಸಹಜ. ಈ ಮಾದರಿಯಲ್ಲಿ ಹಾಗೆ ಮಾಡುವಂತಿಲ್ಲ; ಇದು ಹಾಟ್‌ಪ್ಲಗ್ ಅಲ್ಲ. ಚಾಲೂ ಯಂತ್ರದಿಂದ ತೆಗೆಯಬಹುದಾದ ಭಾಗಗಳಿಗೆ ಎಚ್‌ಪಿ ಸರ್ವರ್‌ಗಳಲ್ಲಿ ಕಡುಗೆಂಪು ಬಣ್ಣದ ಹಿಡಿ, ಡೆಲ್‌ನಲ್ಲಿ ಕಿತ್ತಳೆ ಬಣ್ಣದ ಹಿಡಿ ಇರುತ್ತದೆ. ನೀಲಿ ಬಣ್ಣದ ಅರ್ಥ "ಇಲ್ಲಿ ಹಿಡಿಯಬಹುದು" ಎಂದಷ್ಟೇ. ಬಣ್ಣ ನೋಡಿಯೂ ಅನುಮಾನ ಉಳಿದರೆ ಯಂತ್ರ ನಿಲ್ಲಿಸುವುದೇ ಸರಿ.

ನಿಲ್ಲಿಸುವುದು ಎಂದರೆ ಸ್ವಿಚ್ ಆರಿಸುವುದಲ್ಲ. ಮೊದಲು ಕಾರ್ಯಾಚರಣಾ ವ್ಯವಸ್ಥೆಯಿಂದಲೇ ಶಟ್‌ಡೌನ್ ಮಾಡಬೇಕು. ಆಗ ಪವರ್ ಬಟನ್‌ನ ದೀಪ ಹಸಿರಿನಿಂದ ಹಳದಿಗೆ ತಿರುಗುತ್ತದೆ. ಹಳದಿ ಎಂದರೆ ಯಂತ್ರ ಮಲಗಿದೆ, ಒಳಗೆ ವಿದ್ಯುತ್ ಇನ್ನೂ ಇದೆ ಎಂದು. ಆದ್ದರಿಂದ ಪ್ಲಗ್ ಕೀಳಬೇಕು. ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿದರೆ ಧಾರಕಗಳಲ್ಲಿ ಉಳಿದ ಆವೇಶ ಖಾಲಿಯಾಗುತ್ತದೆ. ಇಷ್ಟಾದರೆ ಶಾಕ್‌ನ ವಿಷಯ ಬಹುತೇಕ ಮುಗಿಯಿತು. ಪವರ್ ಸಪ್ಲೈನ ಲೋಹದ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಅದರೊಳಗಿನ ದೊಡ್ಡ ಧಾರಕಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ.

ಹಳೆಯ ಡ್ರೈವ್ ಮುಟ್ಟುವ ಮುನ್ನ ಅರ್ಧ ನಿಮಿಷ ಕಾಯಬೇಕು. ಒಳಗಿನ ತಟ್ಟೆ ನಿಮಿಷಕ್ಕೆ 7200 ಬಾರಿ, ಅಂದರೆ ಸೆಕೆಂಡಿಗೆ 120 ಬಾರಿ ಸುತ್ತುತ್ತದೆ. ತಟ್ಟೆಯ ವ್ಯಾಸ ಸುಮಾರು 95 ಮಿಲಿಮೀಟರ್. ಅಂಚಿನ ವೇಗವನ್ನು 9ನೇ ತರಗತಿಯ ವೃತ್ತೀಯ ಚಲನೆಯ ಸೂತ್ರದಿಂದಲೇ ಲೆಕ್ಕ ಹಾಕಿ ನೋಡಿ. ಗಂಟೆಗೆ ಸುಮಾರು 130 ಕಿಲೋಮೀಟರ್ ಬರುತ್ತದೆ. ನಮ್ಮೂರ ಯಾವ ಕೆಂಪು ಬಸ್ಸೂ ಆ ವೇಗಕ್ಕೆ ಹೋಗುವುದಿಲ್ಲ. ಓದುವ ತಲೆ ಆ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಸುತ್ತುತ್ತಿರುವಾಗ ಅಲುಗಿಸಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೆರಳಿನ ವಿಷಯ. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಪ್ರಯೋಗವನ್ನು ನಾವೆಲ್ಲ ಪಾಠಯೋಜನೆಯಲ್ಲಿ ಬರೆದಿದ್ದೇವೆ. ಡ್ರೈವ್ ಹಿಡಿದ ಕೈಯಲ್ಲಿ ನಡೆಯುವುದೂ ಅದೇ. ಬೆರಳ ತುದಿಯಲ್ಲಿ ಚಟ್ ಎಂದು ಕಿಡಿ ನಮಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಸೂಕ್ಷ್ಮ ಬಿಡಿಭಾಗಗಳು 100 ವೋಲ್ಟ್‌ಗಿಂತ ಕಡಿಮೆಯಲ್ಲೇ ಹಾಳಾಗುತ್ತವೆ. ಅಂದರೆ ನಮಗೆ ಏನೂ ಅನ್ನಿಸದೆ, ಸದ್ದೂ ಇಲ್ಲದೆ ಡ್ರೈವ್ ಕೆಡಬಹುದು. ಎಷ್ಟೋ ಸಲ ಆ ದಿನವೇ ಕೆಡದೆ ತಿಂಗಳುಗಳ ನಂತರ ಕೈಕೊಡುತ್ತದೆ, ಆಗ ಬೈಗುಳ ಡ್ರೈವ್‌ಗೆ ಬೀಳುತ್ತದೆ. ಗಾಳಿ ಒಣಗಿದಷ್ಟೂ ಆವೇಶ ನಿಲ್ಲುತ್ತದೆ. ಮಂಗಳೂರಿನ ಮಳೆಗಾಲಕ್ಕಿಂತ ಕಲಬುರಗಿಯ ಒಣ ಬೇಸಿಗೆಯಲ್ಲಿ, ಅದರಲ್ಲೂ ಸಿಂಥೆಟಿಕ್ ಸೀರೆ ಅಥವಾ ಶರ್ಟ್ ತೊಟ್ಟಾಗ ಹೆಚ್ಚು ಜಾಗ್ರತೆ ಬೇಕು.

ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಏಳುತ್ತದೆ. ಪ್ಲಗ್ ಕಿತ್ತರೆ ಭೂಸಂಪರ್ಕವೂ ಹೋಯಿತಲ್ಲ, ಆಗ ಪೆಟ್ಟಿಗೆಯ ಲೋಹ ಮುಟ್ಟಿದರೆ ಏನು ಪ್ರಯೋಜನ? ಆವೇಶ ಹರಿಯುವುದು ವಿಭವಾಂತರ ಇದ್ದಾಗ ಮಾತ್ರ. ನಾವು, ಪೆಟ್ಟಿಗೆ, ಡ್ರೈವ್ ಮೂವರೂ ಒಂದೇ ವಿಭವದಲ್ಲಿದ್ದರೆ ಸಾಕು; ಆ ವಿಭವ ಸೊನ್ನೆಯೇ ಆಗಿರಬೇಕೆಂದಿಲ್ಲ. ಆದ್ದರಿಂದ ಬಣ್ಣ ಬಳಿಯದ ಲೋಹವನ್ನು ಒಂದು ಕೈಯಿಂದ ಮುಟ್ಟಿಕೊಂಡು, ಡ್ರೈವ್ ಇರುವ ಆವೇಶನಿರೋಧಕ ಚೀಲವನ್ನು ಆ ಲೋಹಕ್ಕೆ ತಾಗಿಸಿ, ಬಳಿಕ ಚೀಲ ಬಿಚ್ಚಬೇಕು. ಒಮ್ಮೆ ಮುಟ್ಟಿ ಕೋಣೆಯೆಲ್ಲ ಓಡಾಡಿ ಬಂದರೆ ಮತ್ತೆ ಮುಟ್ಟಬೇಕು. ಮಣಿಕಟ್ಟಿನ ಪಟ್ಟಿ ಸಿಕ್ಕರೆ ಇನ್ನೂ ಉತ್ತಮ. ಅದರ ತಂತಿಯಲ್ಲಿ 10 ಲಕ್ಷ ಓಮ್ ರೋಧಕ ಇರುತ್ತದೆ. ಏಕೆ ಎಂದು 10ನೇ ತರಗತಿಯವರನ್ನೇ ಕೇಳಬಹುದು. ಅಕಸ್ಮಾತ್ 230 ವೋಲ್ಟ್ ತಾಗಿದರೂ ಓಮ್‌ನ ನಿಯಮದಂತೆ ಹರಿಯುವುದು 0.23 ಮಿಲಿಆಂಪೀರ್ ಮಾತ್ರ. ಸ್ಥಿರ ಆವೇಶ ಸೋರಿಹೋಗಲು ಅಷ್ಟು ಸಾಕು, ಮನುಷ್ಯನಿಗೆ ಅಪಾಯವಾಗಲು ಸಾಲದು. ಬರಿಯ ತಾಮ್ರದ ತಂತಿಯನ್ನು ಕೈಗೆ ಸುತ್ತಿಕೊಂಡು "ಅರ್ತ್" ಮಾಡಿಕೊಳ್ಳುವುದು ಇದೇ ಕಾರಣಕ್ಕೆ ತಪ್ಪು.

ತಿರುಪುಗಳ ಬಗ್ಗೆ ಎರಡೇ ಮಾತು. ಡ್ರೈವ್‌ನ ಅಂಚು ಹಿಡಿಯಿರಿ, ಕೆಳಗಿನ ಹಸಿರು ಫಲಕ ಮುಟ್ಟಬೇಡಿ. ಅಳತೆ ಮೀರಿ ಉದ್ದವಾದ ತಿರುಪು ಒಳಭಾಗಕ್ಕೆ ತಾಗುತ್ತದೆ, ಹಾಗಾಗಿ ಚೌಕಟ್ಟಿನ ಜೊತೆ ಬಂದ ತಿರುಪುಗಳನ್ನೇ ಬಳಸಿ.

ಈಗ ನಿಜವಾದ ಅಪಾಯ. ಒಂದೇ ಕಂಪನಿಯ, ಒಂದೇ ಅಳತೆಯ ಡ್ರೈವ್‌ಗಳು ಸಾಲಾಗಿ ಕೂತಿರುವಾಗ "ಎರಡನೆಯದು" ಯಾವುದು? ನಾವು ಎಡದಿಂದ ಎಣಿಸುತ್ತೇವೆ, ತಂತ್ರಾಂಶ ಸೊನ್ನೆಯಿಂದ ಎಣಿಸಬಹುದು. ಲಿನಕ್ಸ್‌ನಲ್ಲಿ ಮೊದಲ ಡ್ರೈವ್ ಎಸ್‌ಡಿಎ, ಮುಂದಿನದು ಎಸ್‌ಡಿಬಿ ಎಂದು ಹೆಸರು ಪಡೆಯುತ್ತವೆ. ಹೊಸತೊಂದನ್ನು ಸೇರಿಸಿ ಮತ್ತೆ ಚಾಲೂ ಮಾಡಿದಾಗ ನಿನ್ನೆಯ ಎಸ್‌ಡಿಬಿ ಇಂದು ಎಸ್‌ಡಿಸಿ ಆಗಿರಬಹುದು. ಹೆಸರು ನಂಬಿ ಫಾರ್ಮ್ಯಾಟ್ ಒತ್ತಿದರೆ ಅಂಕಪಟ್ಟಿ ಇರುವ ಡ್ರೈವೇ ಖಾಲಿ. ಬದಲಾಗದೆ ಉಳಿಯುವುದು ಡ್ರೈವ್‌ನ ಚೀಟಿಯ ಮೇಲಿನ ಕ್ರಮಸಂಖ್ಯೆ ಒಂದೇ. ಅದನ್ನು ಡ್ರೈವ್ ಒಳಗೆ ಸೇರಿಸುವ ಮೊದಲೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಏಕೆಂದರೆ ಸೇರಿಸಿದ ಮೇಲೆ ಚೀಟಿ ಕಾಣುವುದಿಲ್ಲ. ಯಾವ ಗೂಡಿನಲ್ಲಿ ಯಾವ ಸಂಖ್ಯೆ ಎಂದು ಬಾಗಿಲ ಒಳಗೆ ಅಂಟಿಸಿದರೆ ಮುಂದಿನ ವರ್ಷ ಬರುವವರಿಗೂ ಅನುಕೂಲ. ಫಾರ್ಮ್ಯಾಟ್ ಒತ್ತುವ ಮುನ್ನ ತೆರೆಯ ಮೇಲಿನ ಸಂಖ್ಯೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಲಿ, ನೀವು ಪುಸ್ತಕದಲ್ಲಿ ತಾಳೆ ನೋಡಿ. 2 ಟೆರಾಬೈಟ್‌ಗಿಂತ ದೊಡ್ಡ ಡ್ರೈವ್ ಆದರೆ ವಿಭಜನೆಗೆ ಹಳೆಯ ಎಂಬಿಆರ್ ಪದ್ಧತಿ ಸಾಲದು, ಜಿಪಿಟಿ ಆರಿಸಬೇಕು.

ಇದಕ್ಕೆಲ್ಲ ಮೊದಲು ಹೊರಗಿನ ಡ್ರೈವ್‌ಗೆ ಒಂದು ನಕಲು ಆಗಿರಲೇಬೇಕು. "ರೈಡ್ ಇದೆ, ನಕಲು ಯಾಕೆ?" ಎನ್ನುವವರು ಸಿಗುತ್ತಾರೆ. ಎರಡು ಡ್ರೈವ್‌ಗಳಲ್ಲಿ ಒಂದೇ ದತ್ತಾಂಶ ಬರೆಯುವ ರೈಡ್ ಒಂದು ಡ್ರೈವ್ ಸತ್ತರೆ ಕಾಪಾಡುತ್ತದೆ. ನಾವೇ ಕಡತ ಅಳಿಸಿದರೆ ಅದು ಎರಡರಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಹೊರತೆಗೆದ ಹಳೆಯ ಡ್ರೈವ್ ಗುಜರಿಗೆ ಹೋಗಬಾರದು. ಅದರಲ್ಲಿ ಮಕ್ಕಳ ಹೆಸರು, ಪೋಷಕರ ಫೋನ್ ಸಂಖ್ಯೆಗಳಿರುತ್ತವೆ. ನಡೆಯುತ್ತಿದ್ದರೆ ಪೂರ್ತಿ ಅಳಿಸಿ ಬರೆದು ಇಡಬಹುದು. ಸತ್ತಿದ್ದರೆ ತರಗತಿಗೆ ತನ್ನಿ. 3.5 ಅಂಗುಲದ್ದರಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ತಟ್ಟೆ, ಲ್ಯಾಪ್‌ಟಾಪ್‌ನ 2.5 ಅಂಗುಲದ್ದರಲ್ಲಿ ಹೆಚ್ಚಾಗಿ ಗಾಜಿನದು. ಗಾಜು ಚೂರಾಗಿ ಸಿಡಿಯುವುದರಿಂದ ಮಕ್ಕಳೆದುರು ಬಿಚ್ಚಲು ದೊಡ್ಡದೇ ಸರಿ. ಒಳಗಿನ ನಿಯೋಡಿಮಿಯಂ ಕಾಂತಗಳು ಬೆರಳು ಚಿವುಟುವಷ್ಟು ಬಲವಾಗಿವೆ, ಅವನ್ನು ಶಿಕ್ಷಕರೇ ತೆಗೆದುಕೊಡಬೇಕು.