ಬೋಟಿನ ಎಂಜಿನ್‌ಗೆ ಬೈಕ್ ಕೇಬಲ್ ಮತ್ತು ಎರಡು ವೈರ್ ಸಾಕೇ? ರಿಮೋಟ್ ಕಂಟ್ರೋಲ್ ಬಗ್ಗೆ ಮೂರು ತಪ್ಪು ಸಲಹೆಗಳು

ಔಟ್‌ಬೋರ್ಡ್ ಎಂಜಿನ್‌ಗೆ ದುಬಾರಿ ರಿಮೋಟ್ ಬಾಕ್ಸ್ ಯಾಕೆ, ಬೈಕಿನ ಎಕ್ಸಲರೇಟರ್ ಕೇಬಲ್ ಮತ್ತು ಎರಡು ತುಂಡು ವೈರ್ ಇದ್ದರೆ ಮನೆಯಲ್ಲೇ ಜೋಡಿಸಬಹುದು ಎನ್ನುವ ಧಾಟಿಯ ಸಲಹೆ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೆರಡು 'ಟಿಪ್ಸ್' ಇರುತ್ತವೆ. ಎಂಜಿನ್ ನಿಲ್ಲದಿದ್ದರೆ ಬ್ಯಾಟರಿ ವೈರ್ ಕಿತ್ತರಾಯಿತು. ಕೆಂಪು ಹಗ್ಗದ ಕ್ಲಿಪ್ ಕಳೆದುಹೋದರೆ ಅಲ್ಲೊಂದು ದಾರ ಸುತ್ತಿದರಾಯಿತು. ನೇರವಾಗಿ ಹೇಳಿಬಿಡುತ್ತೇವೆ, ಮೂರೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಆ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡಬೇಕು.

ಇದು ಟಿವಿ ರಿಮೋಟ್ ಅಲ್ಲ

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಪಕ್ಕದಲ್ಲೇ ಕೂತು, ಅದರ ಹಿಡಿಕೆ ಹಿಡಿದು ದಿಕ್ಕು ಬದಲಿಸುತ್ತಾರೆ, ಹಿಡಿಕೆ ತಿರುವಿ ವೇಗ ಕೊಡುತ್ತಾರೆ. ಪ್ರವಾಸಿಗರನ್ನು ಕರೆದೊಯ್ಯುವ ಸ್ಪೀಡ್‌ಬೋಟಿನಲ್ಲಿ ಹಾಗಲ್ಲ. ಎಂಜಿನ್ ಹಿಂದೆ, ಚಾಲಕ ಮುಂದೆ. ಅವನ ಕೈಪಕ್ಕದಲ್ಲಿರುವ ಲಿವರ್ ಪೆಟ್ಟಿಗೆಯೇ ರಿಮೋಟ್ ಕಂಟ್ರೋಲ್. ಹೊಸ ದೊಡ್ಡ ಎಂಜಿನ್‌ಗಳಲ್ಲಿ ಪೂರ್ತಿ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ, ಅದು ಬೇರೆ ಕಥೆ. ಉಳಿದವುಗಳಲ್ಲಿ ಇರುವುದು ಎರಡು ಕೇಬಲ್ ಮತ್ತು ಒಂದು ಕಟ್ಟು ವೈರ್. ಒಂದು ಕೇಬಲ್ ಗೇರಿಗೆ, ಇನ್ನೊಂದು ಥ್ರಾಟಲ್‌ಗೆ.

ಲಿವರ್ ನಡುವೆ ನಿಂತಿದ್ದರೆ ನ್ಯೂಟ್ರಲ್. ಮುಂದಕ್ಕೆ ಸುಮಾರು 30 ಡಿಗ್ರಿ ತಳ್ಳಿದಾಗ ಮೊದಲು ಗೇರ್ ಬೀಳುತ್ತದೆ, ಆಮೇಲಷ್ಟೇ ಥ್ರಾಟಲ್ ತೆರೆಯುತ್ತದೆ. ಹಿಂದಕ್ಕೆ ಎಳೆದರೆ ರಿವರ್ಸ್, ಅಲ್ಲೂ ಇದೇ ಕ್ರಮ. ಈ ಕ್ರಮ ಕಾಯುವ ಹಲ್ಲುಚಕ್ರಗಳಿಗೇ ನಾವು ದುಡ್ಡು ಕೊಡುವುದು. ಎಂಜಿನ್ ಜೋರಾಗಿ ತಿರುಗುವಾಗ ಗೇರ್ ಬಿದ್ದರೆ ಒಳಗಿನ ಗೇರಿನ ಕಚ್ಚುಗಳು ಸವೆದು ಮುರಿಯುತ್ತವೆ, ಬೋಟ್ ಜಿಗಿದು ನಿಂತವರು ನೀರಿಗೆ ಬೀಳುತ್ತಾರೆ.

ಬೈಕ್ ಕೇಬಲ್ ಯಾಕೆ ಆಗದು?

ಬಾವಿ ಹಗ್ಗದಿಂದ ಕೊಡವನ್ನು ಮೇಲೆಳೆಯಬಹುದು, ಕೆಳಕ್ಕೆ ತಳ್ಳಲು ಆಗುವುದಿಲ್ಲ. ಬೈಕಿನ ಕೇಬಲ್ ಕೂಡ ಅಷ್ಟೇ, ಅದು ಎಳೆಯಲು ಮಾತ್ರ. ಕೈ ಬಿಟ್ಟಾಗ ಥ್ರಾಟಲ್ ಮುಚ್ಚುವುದು ಸ್ಪ್ರಿಂಗ್. ಬೋಟಿನ ಗೇರನ್ನು ಮುಂದಕ್ಕೂ ಹಿಂದಕ್ಕೂ ಬಲವಾಗಿ ಸರಿಸಬೇಕು, ನಡುವೆ ನಿಖರವಾಗಿ ನಿಲ್ಲಿಸಬೇಕು. ಅದಕ್ಕೆ ಎಳೆಯಲೂ ತಳ್ಳಲೂ ಬರುವ, ಗಟ್ಟಿ ತಂತಿಯ ಕೇಬಲ್ ಬೇಕು. ಬೈಕ್ ಕೇಬಲ್ ಹಾಕಿದರೆ ಗೇರ್ ಬೀಳಬಹುದು, ತೆಗೆಯಬೇಕಾದಾಗ ಒಳಗೇ ಮಡಚಿಕೊಂಡು ಕೈಕೊಡುತ್ತದೆ. ದಡ ಹತ್ತಿರ ಬಂದಿದೆ, ಲಿವರ್ ನ್ಯೂಟ್ರಲ್‌ನಲ್ಲಿದೆ, ಬೋಟ್ ಮಾತ್ರ ಓಡುತ್ತಲೇ ಇದೆ.

ಸರಿಯಾದ ಕೇಬಲ್ ತಂದರೂ ಉದ್ದ ತಪ್ಪಿದರೆ ಕೆಲಸ ಕೆಡುತ್ತದೆ. ಪೆಟ್ಟಿಗೆಯಿಂದ ಬೋಟಿನ ಅಂಚು ಹಿಡಿದು ಎಂಜಿನ್ ನಡುಭಾಗದವರೆಗೆ ಅಳೆದು, ಎಂಜಿನ್ ತಿರುಗುವಾಗ ಮತ್ತು ಮೇಲೇಳುವಾಗ ಬೇಕಾಗುವ ಸುತ್ತಿಗೆಂದು 3-4 ಅಡಿ ಸೇರಿಸಬೇಕು. ಕೇಬಲ್ ಚೂಪಾಗಿ ಬಾಗಬಾರದು. ಸಾಮಾನ್ಯ ಬಗೆಯ ಕೇಬಲ್‌ಗಳಿಗೆ ಬಾಗುವಿಕೆಯ ತ್ರಿಜ್ಯ 8 ಇಂಚಿಗಿಂತ ಕಡಿಮೆ ಇರಬಾರದು ಎಂಬುದು ತಯಾರಕರ ಲೆಕ್ಕ. ಲಿವರ್ ಬಿಗಿಯಾದರೆ ಎಣ್ಣೆ ಬಿಟ್ಟು ಎಳೆದಾಡುವ ಮೊದಲು ಈ ಬಾಗುಗಳನ್ನು ನೋಡಿ.

ಜೋಡಿಸುವಾಗ ಮೊದಲು ಗೇರ್ ಕೇಬಲ್, ಆಮೇಲೆ ಥ್ರಾಟಲ್. ಕೀ ತೆಗೆದಿಟ್ಟು, ಸ್ಪಾರ್ಕ್ ಪ್ಲಗ್‌ನ ಟೋಪಿ ಕಳಚಿಟ್ಟೇ ಪ್ರೊಪೆಲರ್‌ಗೆ ಕೈ ಹಾಕಬೇಕು. ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಪ್ರೊಪೆಲರ್ ಎರಡೂ ಕಡೆಗೆ ಸಲೀಸಾಗಿ ತಿರುಗಬೇಕು. ಗೇರ್ ಹಾಕುವಾಗ ಇನ್ನೊಬ್ಬರು ಪ್ರೊಪೆಲರನ್ನು ಮೆಲ್ಲಗೆ ತಿರುಗಿಸುತ್ತಿರಬೇಕು, ಇಲ್ಲವಾದರೆ ಕಚ್ಚು ಕೂರುವುದಿಲ್ಲ. ಗೇರ್ ಬಿದ್ದಾಗ ಕಚ್ಚಿ ನಿಂತಿದ್ದು ಕೈಗೇ ಗೊತ್ತಾಗುತ್ತದೆ. ಥ್ರಾಟಲ್ ಕೇಬಲನ್ನು, ಲಿವರ್ ನ್ಯೂಟ್ರಲ್‌ಗೆ ಬಂದಾಗ ಎಂಜಿನ್‌ನ ಥ್ರಾಟಲ್ ಪೂರ್ತಿ ಮುಚ್ಚಿ ತಡೆಗೆ ತಾಗುವಂತೆ ಹೊಂದಿಸಬೇಕು.

'ಎರಡು ವೈರ್ ಸೇರಿಸಿ ಸ್ಟಾರ್ಟ್ ಮಾಡಿ'

ಕೀ ತಿರುಗಿಸಿದರೂ ಸ್ಟಾರ್ಟರ್ ಸದ್ದಿಲ್ಲ ಎಂದಾಗ ಬರುವ ಸಲಹೆ ಇದು. ಆ ಎರಡು ವೈರ್ ನಡುವೆ ಇರುವುದು ನ್ಯೂಟ್ರಲ್ ಸೇಫ್ಟಿ ಸ್ವಿಚ್. ಲಿವರ್ ಗೇರಿನಲ್ಲಿದ್ದರೆ ಸ್ಟಾರ್ಟರ್‌ಗೆ ಕರೆಂಟ್ ಹೋಗದಂತೆ ಅದು ತಡೆಯುತ್ತದೆ. ವೈರ್ ಸೇರಿಸಿಬಿಟ್ಟರೆ, ಮುಂದೊಂದು ದಿನ ಗೇರಿನಲ್ಲೇ ಎಂಜಿನ್ ಶುರುವಾಗುತ್ತದೆ, ಆಗ ಪ್ರೊಪೆಲರ್ ಬಳಿ ಯಾರಿದ್ದಾರೋ. ಇನ್ನೂ ಒಂದು ಸೂಕ್ಷ್ಮ ಇದೆ. ಪೆಟ್ಟಿಗೆಯೊಳಗಿನ ಸ್ವಿಚ್ ನೋಡುವುದು ಲಿವರನ್ನು, ಎಂಜಿನ್‌ನ ಗೇರನ್ನಲ್ಲ. ಕೇಬಲ್ ತಪ್ಪಾಗಿ ಹೊಂದಿಸಿದ್ದರೆ ಸ್ವಿಚ್ ಸರಿಯಿದ್ದೂ ಮೋಸವಾಗುತ್ತದೆ. ಹಾಗಾಗಿ ಪ್ರೊಪೆಲರ್ ತಿರುಗಿಸಿ ನೋಡುವ ಮೇಲಿನ ಪರೀಕ್ಷೆ ಬಿಡಬೇಡಿ.

ಬಣ್ಣ ನೋಡಿ ವೈರ್ ಸೇರಿಸುವುದೂ ಅಪಾಯ. ಯಮಹಾ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸ್ಟಾರ್ಟರ್‌ಗೆ ಹೋಗುವುದು ಕಂದು, ಎಂಜಿನ್ ನಿಲ್ಲಿಸುವುದು ಬಿಳಿ. ಮರ್ಕ್ಯುರಿಯಲ್ಲಿ ಸ್ಟಾರ್ಟರ್‌ಗೆ ಕೆಂಪು ಪಟ್ಟಿಯ ಹಳದಿ, ನಿಲ್ಲಿಸಲು ಹಳದಿ ಪಟ್ಟಿಯ ಕಪ್ಪು. ಒಂದು ಕಂಪನಿಯ ಪೆಟ್ಟಿಗೆಯನ್ನು ಇನ್ನೊಂದರ ಎಂಜಿನ್‌ಗೆ ಕೂರಿಸುವವರು ಎರಡೂ ಮಾಡೆಲ್‌ಗಳ ವೈರಿಂಗ್ ಚಿತ್ರ ಎದುರಿಗಿಟ್ಟುಕೊಳ್ಳಲೇಬೇಕು. ಮನೆಯ ಒಂಟಿ ಗಟ್ಟಿ ತಂತಿಯ ವೈರ್ ಇಲ್ಲಿ ಬೇಡ, ಎಂಜಿನ್ ಅದುರುವಿಕೆಗೆ ತುಂಡಾಗುತ್ತದೆ. ತವರ ಲೇಪಿಸಿದ ಎಳೆ ತಂತಿಯಾದರೆ ಉಪ್ಪುನೀರನ್ನೂ ತಡೆದುಕೊಳ್ಳುತ್ತದೆ.

ಬ್ಯಾಟರಿ ಕಿತ್ತರೆ ಎಂಜಿನ್ ನಿಲ್ಲುತ್ತದೆಯೇ?

ಬಹಳಷ್ಟು ಔಟ್‌ಬೋರ್ಡ್‌ಗಳಲ್ಲಿ ನಿಲ್ಲುವುದಿಲ್ಲ. ಸೈಕಲ್ ಡೈನಮೋ ನೆನಪಿಸಿಕೊಳ್ಳಿ. ಎಂಜಿನ್‌ನ ಚಕ್ರದಲ್ಲಿರುವ ಅಯಸ್ಕಾಂತ ತಿರುಗುತ್ತಾ ಸ್ಪಾರ್ಕ್‌ಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಬ್ಯಾಟರಿ ಬೇಕಾಗಿದ್ದು ಸ್ಟಾರ್ಟ್ ಮಾಡಲು ಅಷ್ಟೇ. ಓಡುವಾಗ ಬ್ಯಾಟರಿ ಕಿತ್ತರೆ ಚಾರ್ಜಿಂಗ್ ಭಾಗ ಸುಟ್ಟುಹೋಗಬಹುದು, ಎಂಜಿನ್ ಮಾತ್ರ ಓಡುತ್ತಿರುತ್ತದೆ.

ಇಂಥ ಎಂಜಿನ್ ನಿಲ್ಲುವುದು ಕರೆಂಟ್ ಕಡಿದಾಗ ಅಲ್ಲ, ನಿಲ್ಲಿಸುವ ವೈರ್ ಎಂಜಿನ್ ಬಾಡಿಗೆ ತಾಗಿದಾಗ. ಮನೆಯ ಲೈಟ್ ಸ್ವಿಚ್ಚಿಗೆ ಪೂರ್ತಿ ಉಲ್ಟಾ. ಹಾಗಾಗಿ ಆ ವೈರ್ ತುಂಡಾದರೆ ಕೀ ತೆಗೆದರೂ ಎಂಜಿನ್ ನಿಲ್ಲದು. ಅದೇ ವೈರ್ ಎಲ್ಲೋ ಉಜ್ಜಿ ಸುಲಿದು ಲೋಹಕ್ಕೆ ತಾಗಿದರೆ ಎಷ್ಟು ತಿಪ್ಪರಲಾಗ ಹಾಕಿದರೂ ಸ್ಪಾರ್ಕ್ ಬಾರದು. ಈ ವೈರಿಗೆ ತಪ್ಪಿಯೂ ಬ್ಯಾಟರಿಯ 12 ವೋಲ್ಟ್ ಕೊಡಬೇಡಿ, ಇಗ್ನಿಷನ್ ಯೂನಿಟ್ ಸುಡುತ್ತದೆ. ಕಾರ್ಬುರೇಟರ್ ಎಂಜಿನ್ ನಿಲ್ಲದೇ ಹಟ ಮಾಡಿದರೆ ಚೋಕ್ ಪೂರ್ತಿ ಎಳೆಯಿರಿ, ಇಲ್ಲವೇ ಇಂಧನದ ಪೈಪ್ ಕಳಚಿ. ಪೈಪ್ ಕಳಚಿದರೆ ಕಾರ್ಬುರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಕಾಯಬೇಕು.

ಆ ಕೆಂಪು ಹಗ್ಗ

ಚಾಲಕನ ಮೈಗೆ ಸಿಕ್ಕಿಸಿಕೊಳ್ಳುವ ಹಗ್ಗದ ತುದಿಯ ಕ್ಲಿಪ್, ಸ್ವಿಚ್ಚಿನ ಗುಂಡಿಯನ್ನು ಹಿಡಿದಿಟ್ಟಿರುತ್ತದೆ. ಚಾಲಕ ಬಿದ್ದರೆ ಕ್ಲಿಪ್ ಕಳಚುತ್ತದೆ, ನಿಲ್ಲಿಸುವ ವೈರ್ ಬಾಡಿಗೆ ಸೇರುತ್ತದೆ, ಎಂಜಿನ್ ಬಂದ್. ಅಲ್ಲಿ ದಾರ ಸುತ್ತಿದರೆ ಎಂಜಿನ್ ಓಡುತ್ತದೆ ನಿಜ, ಆದರೆ ನಿಲ್ಲಿಸುವವರು ಬೋಟಿನಲ್ಲಿ ಇರುವುದಿಲ್ಲ. ಸ್ಟೀರಿಂಗ್ ಬಿಟ್ಟ ಬೋಟ್ ಸಾಮಾನ್ಯವಾಗಿ ನೇರ ಹೋಗುವುದಿಲ್ಲ. ಪ್ರೊಪೆಲರ್ ತಿರುಗುವ ಬಲಕ್ಕೆ ಎಂಜಿನ್ ಒಂದು ಕಡೆ ವಾಲಿ, ಬೋಟ್ ಸುತ್ತು ಹೊಡೆದು ಬಿದ್ದವರ ಮೇಲೆಯೇ ಮರಳಿ ಬರುತ್ತದೆ. ಮೂರು ಎಲೆಗಳ ಪ್ರೊಪೆಲರ್ ನಿಮಿಷಕ್ಕೆ 3,200 ಸುತ್ತು ತಿರುಗಿದರೆ ಸೆಕೆಂಡಿಗೆ 160 ಹೊಡೆತ, ಬೇಕಿದ್ದರೆ ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳು ವೇಗವಾಗಿ ಓಡುವಾಗ ಈ ಹಗ್ಗ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್ 1ರಿಂದ ಕಡ್ಡಾಯ.

ಕ್ಲಿಪ್ ಕಳೆದರೆ ಬಿಡಿ ಕ್ಲಿಪ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಎಂಜಿನ್ ಮಾಡೆಲ್ ಹೇಳಿ ತನ್ನಿ, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ ಎಂಬ ಭರವಸೆ ಇಲ್ಲ. ಹಾಕಿದ ಮೇಲೆ ದಡದ ಬಳಿ ಎಂಜಿನ್ ಶುರುಮಾಡಿ, ಹಗ್ಗ ಎಳೆದು, ನಿಲ್ಲುತ್ತದೆಯೇ ಎಂದು ಒಮ್ಮೆ ನೋಡಿಕೊಂಡೇ ಹೊರಡಿ.