‘ಓಗು’ ತಪ್ಪೇ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲ ದಿನ ತಾಯಿಯವರು ಕೆಂಗೇರಿಯ ಬಸ್ ನಿಲ್ದಾಣದವರೆಗೂ ಬಂದು, ‘ಓಗಿ ಬಾ ಮಗ’ ಎಂದರು. ಪಕ್ಕದಲ್ಲಿದ್ದ ಸಹಪಾಠಿಯೊಬ್ಬ ನಕ್ಕನು. ಅಂದು ಸಂಜೆ ನಾನು, ‘ಓಗು ಅಲ್ಲವ್ವ, ಹೋಗು’ ಎಂದು ತಾಯಿಗೇ ಪಾಠ ಹೇಳಿದೆ. ಅವರು ಮರುಮಾತಾಡಲಿಲ್ಲ. ಭಾಷಾಶಾಸ್ತ್ರವನ್ನು ಕೊಂಚ ಓದಿದ ಮೇಲೆ, ತಪ್ಪು ಯಾರದೆಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು.

‘ಹೋಗು’ ಎಂಬುದರ ಹಳಗನ್ನಡ ರೂಪ ‘ಪೋಗು’. ಹತ್ತನೆಯ ಶತಮಾನದ ಪಂಪನ ಕಾವ್ಯಗಳಲ್ಲಿರುವುದು ಈ ಪಕಾರವೇ. ಮುಂದೆ ಪದದ ಮೊದಲಲ್ಲಿದ್ದ ಪಕಾರ ಹಕಾರವಾಯಿತು: ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು, ‘ಪುಲಿ’ ಹುಲಿಯಾಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಮಾರ್ಪಾಟನ್ನು ಗುರುತಿಸಿದ್ದಾನೆ. ಒತ್ತುಳ್ಳ ಪಕಾರ ಮಾತ್ರ ಜಗ್ಗಲಿಲ್ಲ. ಅಪ್ಪನೂ ತುಪ್ಪವೂ ಹಾಗೆಯೇ ಉಳಿದಿವೆ. ಸೋದರ ಭಾಷೆಗಳಾದ ತಮಿಳು, ತೆಲುಗು, ತುಳುಗಳಲ್ಲಿ ಈ ಧಾತು ಇಂದಿಗೂ ‘ಪೋ’ ಎಂದೇ ಇದೆ. ರಾಜಾಜಿನಗರದ ವಠಾರವೊಂದರ ಮುಂದೆ ಅರ್ಧ ಗಂಟೆ ನಿಂತರೆ ‘ಪೋ’, ‘ಹೋಗು’, ‘ಓಗು’ ಮೂರೂ ಕಿವಿಗೆ ಬಿದ್ದಾವು!

ದೂರದ ಸ್ಪೇನಿನಲ್ಲಿಯೂ ಇಂಥದೇ ಕಥೆ ನಡೆದಿದೆ. ‘ಮಾಡು’ ಎಂಬರ್ಥದ ಲ್ಯಾಟಿನ್ ಪದ ‘ಫಾಕೆರೆ’. ಹಳೆಯ ಸ್ಪ್ಯಾನಿಷಿನಲ್ಲಿ ಅದನ್ನು ಫಕಾರದಿಂದಲೇ ಬರೆಯುತ್ತಿದ್ದರು. ಬಳಿಕ ಫಕಾರ ಹಕಾರವಾಯಿತು. ಕೊನೆಗೆ ಹಕಾರವೂ ಅಡಗಿತು. ಇಂದು ಬರೆಯುವಾಗ ಹಕಾರದ ಅಕ್ಷರವುಂಟು, ಸ್ಪೇನಿನವರು ನುಡಿಯುವುದು ‘ಅಥೇರ್’ ಎಂದು. ಅದರ ಬಂಧುಗಳಾದ ಪೋರ್ಚುಗೀಸಿನ ‘ಫಜೇರ್’, ಇಟಾಲಿಯನ್ನಿನ ‘ಫಾರೆ’, ಫ್ರೆಂಚಿನ ‘ಫೇರ್’ಗಳು ಫಕಾರವನ್ನು ಬಿಟ್ಟಿಲ್ಲ, ನಮ್ಮ ನೆರೆಯ ತಮಿಳು ಪಕಾರವನ್ನು ಬಿಡದಂತೆ. ಅದೇ ಲ್ಯಾಟಿನ್ ಪದದ ಸಂತತಿ ಇಂಗ್ಲಿಷಿನ ಮೂಲಕ ನಮ್ಮ ಮನೆಗೂ ಬಂದಿದೆ: ನಮ್ಮ ತಂದೆಯವರು ದುಡಿಯುವ ‘ಫ್ಯಾಕ್ಟರಿ’ಯ ಮೂಲವೂ ಅದೇ.

ಪೋಗು, ಹೋಗು, ಓಗು: ಇವು ಒಂದೇ ಹಾದಿಯ ಮೂರು ಮಜಲುಗಳು. ಹಕಾರವನ್ನು ನುಡಿಯದ ಮ್ಯಾಡ್ರಿಡ್ಡಿನ ಪಂಡಿತನನ್ನು ಯಾರೂ ಒಡ್ಡನೆನ್ನುವುದಿಲ್ಲ. ಕೆಂಗೇರಿಯ ತಾಯಿಯನ್ನು ಮಾತ್ರ ಹಾಗೆನ್ನುವುದು ಯಾವ ನ್ಯಾಯ? ಬರವಣಿಗೆಗೆ ಎಲ್ಲರೂ ಒಪ್ಪಿದ ಒಂದು ರೂಪ ಬೇಕು, ನಿಜ. ಪರೀಕ್ಷೆಯಲ್ಲಿ ನಾನೂ ‘ಹೋಗು’ ಎಂದೇ ಬರೆಯುವೆನು. ಆದರೆ ಬರವಣಿಗೆಯ ನಿಯಮವನ್ನು ಹಿಡಿದು ಬಾಯಿಮಾತನ್ನು ಹಳಿಯುವುದು ಸಲ್ಲದು.

ಈಗ ಮನೆಯಿಂದ ಹೊರಡುವಾಗ ನಾನು, ‘ಓಗ್ಬತ್ತೀನಿ ಕಣವ್ವ’ ಎನ್ನುತ್ತೇನೆ. ಅವರು ನಗುತ್ತಾರೆ.